ಜೆಸಿಬಿ ತೋಳು ಸೋಮಾರಿ ಯಾಕಾಗುತ್ತದೆ?

ಕೃಷಿ ಹೊಂಡಕ್ಕೆ, ಬದುವಿಗೆ ಜೆಸಿಬಿ ಕರೆಸುವಾಗ ಗಂಟೆಗೆ ಇಷ್ಟು ಅಂತ ಬಾಡಿಗೆ ಗೊತ್ತು ಮಾಡ್ತೇವೆ. ಗಂಟೆಗೆ ಎಷ್ಟು ಮಣ್ಣು ಎತ್ತುತ್ತದೆ ಅಂತ ಕೇಳುವವರು ಕಡಿಮೆ. ಹೈಡ್ರಾಲಿಕ್ ಸವೆದ ಮೆಷಿನ್ನು ಸದ್ದು ಜೋರು ಮಾಡುತ್ತದೆ, ತೋಳು ಮಾತ್ರ ನಿಧಾನ. ಎಂಟು ಗಂಟೆ ಕೆಲಸ ಹತ್ತು ಗಂಟೆ ಹಿಡಿದರೆ ದುಡ್ಡು ನಮ್ಮ ಜೇಬಿನದು. ನನ್ನ ತಮ್ಮನ ಮಗ ಸಾಲ ಮಾಡಿ ಹಳೇ ಮೆಷಿನ್ನು ತಂದಿದ್ದಾನೆ. ಅದರ ಪಂಪು ಹೋದರೆ ಕಂತು ಕಟ್ಟಲು ಮನೆಯ ಶೇಂಗಾ ಮಾರಬೇಕು. ಹಾಗಾಗಿ ಎರಡೂ ಕಡೆಯ ಕಷ್ಟ ನನಗೆ ಗೊತ್ತು.

ಇಂಜಿನ್ನು ಪಂಪು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ವಾಲ್ವಿನ ಮೂಲಕ ಜಾಕಿಗೆ ನೂಕುತ್ತದೆ. ಒತ್ತಡ 200 ಬಾರ್ ದಾಟುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರಿನ ಗಾಳಿ 1-2 ಬಾರ್ ಅಷ್ಟೇ. ಪಂಪಿನ ಒಳಗಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಅಂದರೆ ಲೆಕ್ಕ ಹಾಕಿ. ಕಣ್ಣಿಗೆ ಕಾಣದ ಧೂಳು ಅಲ್ಲಿ ಸಾಣೆಕಲ್ಲಿನ ಹಾಗೆ ಉಜ್ಜುತ್ತದೆ. ಉಜ್ಜಿದ ಕಬ್ಬಿಣದ ಪುಡಿ ಎಣ್ಣೆಗೆ ಸೇರಿ ಮತ್ತೆ ಉಜ್ಜುತ್ತದೆ. ಸಂದು ಅಗಲವಾದರೆ ಎಣ್ಣೆ ಒಳಗೊಳಗೇ ಹಿಂದಕ್ಕೆ ಸೋರುತ್ತದೆ, ಹೊರಗೆ ಒಂದು ಹನಿಯೂ ಕಾಣದು.

ಧೂಳು ಹೆಚ್ಚಾಗಿ ಹೋಗುವುದು ನಮ್ಮ ಕೈಯಿಂದಲೇ. ಗಾಳಿ ಬೀಸುವ ಹೊಲದಲ್ಲಿ ಮುಚ್ಚಳ ತೆಗೆದು, ಡೀಸೆಲ್ ತಂದ ಕ್ಯಾನಿನಿಂದಲೇ ಎಣ್ಣೆ ಸುರಿಯುತ್ತಾರೆ. ಮೊದಲು ಮುಚ್ಚಳದ ಸುತ್ತ ಒರೆಸಬೇಕು. ನೂಲು ಬಿಡುವ ಬಟ್ಟೆ ಬೇಡ. ಹೊಸ ಡಬ್ಬಿ ಎಣ್ಣೆಯೂ ಪೂರಾ ಶುದ್ಧ ಇರುವುದಿಲ್ಲ, ಸೋಸಿ ಹಾಕಿ. ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಗಂಟೆಗೆ ಬದಲಿಸಿ. ತೊಳೆದು ಮತ್ತೆ ಹಾಕುವ ಉಳಿತಾಯ ಉಳಿತಾಯವಲ್ಲ.

ಎರಡನೇ ದಾರಿ ಜಾಕಿನ ಹೊಳೆಯುವ ರಾಡು. ಕಲ್ಲು ತಾಗಿ ಗೀರು ಬಿದ್ದರೆ ಅದು ಸೀಲನ್ನು ಕೊಯ್ಯುತ್ತದೆ. ಎಣ್ಣೆ ಹೊರಗೆ, ಧೂಳು ಒಳಗೆ. ಸಂಜೆ ಬಕೆಟ್ ನೆಲಕ್ಕೆ ಇಳಿಸಿ, ರಾಡುಗಳು ಆದಷ್ಟು ಒಳಗಿರುವಂತೆ ನಿಲ್ಲಿಸುವುದು ಒಳ್ಳೆಯದು. ಟ್ಯಾಂಕಿನ ಉಸಿರು ಕಿಂಡಿಯನ್ನೂ ನೋಡಿ. ಜಾಕು ಚಾಚಿದಾಗ ಟ್ಯಾಂಕಿನ ಎಣ್ಣೆ ಇಳಿದು ಗಾಳಿ ಒಳಗೆ ಬರುತ್ತದೆ. ಕಿಂಡಿ ಕಟ್ಟಿದರೆ ಪಂಪಿಗೆ ಎಣ್ಣೆ ಸಾಲದೆ ಕಿರುಗುಟ್ಟುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ ಅಂತ, ಬದಲಿಸಲೇಬೇಕು.

ಬಂಡೆಗೆ ಬಕೆಟ್ ಸಿಕ್ಕಾಗ ಲಿವರ್ ಹಿಡಿದೇ ಇರುವ ಡ್ರೈವರ್‌ಗಳಿದ್ದಾರೆ. ಮಣ್ಣು ಏಳುವುದಿಲ್ಲ, ಎಣ್ಣೆ ಕಾಯುತ್ತದೆ. ಕಾದ ಎಣ್ಣೆ ತೆಳ್ಳಗಾಗಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಸೋರುವ ಪೈಪನ್ನು ಮಾತ್ರ ಬೆರಳಿಟ್ಟು ಹುಡುಕಬೇಡಿ. ಸೂಜಿಮೊನೆ ತೂತಿನ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ, ಆಸ್ಪತ್ರೆಗೆ ಕೂಡಲೇ ಓಡಬೇಕಾಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಬಾಡಿಗೆಗೆ ತರುವವರು ಹೀಗೆ ಪರೀಕ್ಷೆ ಮಾಡಬಹುದು. ತುಂಬಿದ ಬಕೆಟ್ ಎತ್ತಿಸಿ ಇಂಜಿನ್ ಬಂದ್ ಮಾಡಿಸಿ, ಕೆಳಗೆ ಯಾರೂ ನಿಲ್ಲದೆ ದೂರದಿಂದ ನೋಡಿ. ಕಣ್ಣೆದುರೇ ಇಳಿಯುತ್ತಾ ಬಂದರೆ ಜಾಕಿನ ಸೀಲೋ ವಾಲ್ವೋ ಸವೆದಿದೆ. ಪಂಪು ಸವೆದದ್ದು ಇದರಲ್ಲಿ ಗೊತ್ತಾಗದು. ಅದು ಬೆಳಿಗ್ಗೆ ಚುರುಕಾಗಿದ್ದು, ಎಣ್ಣೆ ಕಾದ ಮೇಲೆ ಮಧ್ಯಾಹ್ನ ಸೋಮಾರಿಯಾಗುತ್ತದೆ. ಅಂಥ ಮೆಷಿನ್ನೇ ಗತಿ ಅನ್ನುವಾಗ ಗಂಟೆ ಲೆಕ್ಕ ಬಿಟ್ಟು ಹೊಂಡದ ಉದ್ದ, ಅಗಲ, ಆಳದ ಮೇಲೆ ರೇಟು ಮಾತಾಡಿ.