ಪುಟ್ಟ ಜೆಟ್‌ನಲ್ಲಿ ಆಂಟೆನಾ ಎಲ್ಲಿಡಬೇಕು?

ಧಾರವಾಡದ ನಮ್ಮ ಮನೆಯ ಮಾಳಿಗೆ ಮೇಲೆ ಟಿವಿ ಆಂಟೆನಾ ಇತ್ತು. ಚಿತ್ರ ಕೆಟ್ಟಾಗ ಅಪ್ಪ ಮೇಲೆ ಹತ್ತಿ ಕಂಬ ತಿರುಗಿಸುತ್ತಿದ್ದರು, ನಾನು ಕೆಳಗೆ ಟಿವಿ ಮುಂದೆ. “ಬಂತೇನೋ?” “ಇಲ್ಲಪ್ಪಾ, ಬರೀ ಚುಕ್ಕಿ ಬರಾಕತ್ತಾವ!” ನಿಮ್ಮಲ್ಲೂ ಅನೇಕರಿಗೆ ಇದು ನೆನಪಿರಬಹುದು. ಪುಣೆಗೆ ಬಂದು ಹದಿನಾಲ್ಕು ವರ್ಷವಾದ ಮೇಲೆ ಆಂಟೆನಾ ತಿರುಗಿಸುವ ಆ ವಿದ್ಯೆಯನ್ನು ನಾನು ಮತ್ತೆ ಕಲಿಯಬೇಕಾಯಿತು. ಕಲಿಸಿದ್ದು, ನೆಲಕ್ಕೆ ಬಿದ್ದ ನನ್ನದೇ ಜೆಟ್.

ಸಾಫ್ಟ್‌ವೇರ್ ನನ್ನ ಹೊಟ್ಟೆಪಾಡು, ಭಾನುವಾರದ ಹುಚ್ಚು ರೇಡಿಯೋ ಕಂಟ್ರೋಲ್ ವಿಮಾನ. ಸಣ್ಣ ಪ್ರೊಪೆಲ್ಲರ್ ವಿಮಾನಗಳಿಂದ ಶುರುವಾದದ್ದು ಕೊನೆಗೆ ಟರ್ಬೈನ್ ಜೆಟ್‌ಗೆ ಬಂದು ನಿಂತಿತು. ಎರಡು ಮೀಟರ್ ಉದ್ದ, ಸೀಮೆಎಣ್ಣೆ ತುಂಬಿಸಿದರೆ 12 ಕೆಜಿ. ಗಂಟೆಗೆ 200 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 56 ಮೀಟರ್. ಒಂದೇ ಒಂದು ಸೆಕೆಂಡು ಸಿಗ್ನಲ್ ಹೋದರೂ ಅಷ್ಟು ದೂರ ಅದು ಯಾರ ಮಾತೂ ಕೇಳುವುದಿಲ್ಲ.

ಹಿಂದೆ 72 ಮೆಗಾಹರ್ಟ್ಸ್ ಕಾಲದಲ್ಲಿ ರಿಸೀವರಿನಿಂದ ಸುಮಾರು ಒಂದು ಮೀಟರ್ ತಂತಿ ಬಾಲದಂತೆ ಜೋತಾಡುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಅಲೆಯ ಉದ್ದ 12.5 ಸೆಂ.ಮೀ., ಅದರ ಕಾಲು ಭಾಗ ಸುಮಾರು 31 ಮಿ.ಮೀ. ರಿಸೀವರಿನಿಂದ ಹೊರಬರುವ ಸಪೂರ ಕೇಬಲ್ ಎಷ್ಟೇ ಉದ್ದವಿರಲಿ, ಸಿಗ್ನಲ್ ಹಿಡಿಯುವುದು ತುದಿಯ ಆ 31 ಮಿ.ಮೀ. ಮಾತ್ರ. ಉಳಿದದ್ದು ಸಿಗ್ನಲ್ ಸಾಗಿಸುವ ದಾರಿ ಅಷ್ಟೆ.

ಆ ತುದಿಯ ಸುತ್ತ ಸಿಗ್ನಲ್ ಹಿಡಿಯುವ ಆಕಾರ ಉದ್ದಿನ ವಡೆಯಂತೆ. ತಂತಿಯನ್ನು ವಡೆಯ ತೂತಿನಲ್ಲಿ ತೂರಿಸಿದ್ದೀರಿ ಅಂದುಕೊಳ್ಳಿ. ಪಕ್ಕಕ್ಕೆಲ್ಲ ಚೆನ್ನಾಗಿ ಹಿಡಿಯುತ್ತದೆ, ತಂತಿಯ ಮೊನೆ ನೇರ ನಮ್ಮತ್ತ ತಿರುಗಿದರೆ ಸಿಗುವುದು ಬರೀ ತೂತು. ರಿಸೀವರಿಗೆ ಎರಡು ಆಂಟೆನಾ ಕೊಟ್ಟಿರುವುದು, ಅವನ್ನು ಒಂದಕ್ಕೊಂದು 90 ಡಿಗ್ರಿಯಲ್ಲಿ ಇಡಬೇಕೆನ್ನುವುದು ಇದಕ್ಕೇ. ಒಂದರ ತೂತು ನಮ್ಮ ಕಡೆಗಿದ್ದಾಗ ಇನ್ನೊಂದರ ವಡೆ ನಮ್ಮ ಕಡೆಗಿರುತ್ತದೆ.

ನನಗೆ ಇದೆಲ್ಲ ಗೊತ್ತಿತ್ತು. ಆದರೆ ಆಫೀಸಿನ ಸರ್ವರ್ ರ‍್ಯಾಕಿನಂತೆ ವೈರುಗಳು ಓರಣವಾಗಿರಬೇಕೆಂಬ ಚಟವೂ ಇತ್ತು. ಎರಡೂ ತುದಿಗಳನ್ನು ಜೋಡಿಸಿ, ವಿಮಾನದ ಉದ್ದಕ್ಕೇ, ಇಂಧನ ಟ್ಯಾಂಕಿನ ಪಕ್ಕದ ಕಾರ್ಬನ್ ಪಟ್ಟಿಗೆ ಟೇಪು ಹಚ್ಚಿದೆ. ನೋಡಲು ಬಲು ಚೆಂದ. ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತು, ರೇಡಿಯೋ ಅಲೆಗೆ ಅದು ತಗಡಿನ ಗೋಡೆ ಇದ್ದಂತೆ. ಹಿಂದುಗಡೆ ಉಕ್ಕಿನ ಟರ್ಬೈನು, ಪಕ್ಕದಲ್ಲಿ ಇಂಧನ, ಮುಂದೆ ಬ್ಯಾಟರಿಗಳು. ರೇಂಜ್ ಟೆಸ್ಟ್ ಮಾಡಿದ್ದೆ, ಆದರೆ ವಿಮಾನ ಅಡ್ಡಕ್ಕೆ ನಿಂತಿದ್ದಾಗ ಮಾತ್ರ. ಹ್ಯಾಪಿ ಪಾತ್ ಮಾತ್ರ ಟೆಸ್ಟ್ ಮಾಡಿ ಪ್ರೊಡಕ್ಷನ್ನಿಗೆ ಬಿಡುವವರನ್ನು ಆಫೀಸಿನಲ್ಲಿ ನಾನೇ ಬೈಯುತ್ತೇನೆ!

ಹನ್ನೊಂದು ಹಾರಾಟ ಸರಿಯಾಗಿಯೇ ಆದವು. ಹನ್ನೆರಡನೆಯದರಲ್ಲಿ ಜೆಟ್ ನನಗೆ ಬೆನ್ನು ಮಾಡಿ ನೇರ ದೂರ ಹೋಯಿತು. ತಿರುಗಿಸಿದೆ, ತಿರುಗಲಿಲ್ಲ. ಫೇಲ್‌ಸೇಫ್ ತನ್ನ ಕೆಲಸ ಮಾಡಿ ಎಂಜಿನ್ ಆರಿಸಿತು. ಮೌನವಾಗಿ ಜೋಳದ ಹೊಲದೊಳಗೆ ಇಳಿಯಿತು. ಓಡಿ ಹೋಗಿ ನೋಡಿದರೆ ಹತ್ತು ಹೆಜ್ಜೆ ಆಚೆ ಒಂದು ಎಮ್ಮೆ ಕಟ್ಟಿತ್ತು. ಅದನ್ನು ಕಾಯುತ್ತಿದ್ದ ಹುಡುಗ ನೀರು ಕುಡಿಯಲು ಹೋಗಿದ್ದ. ಬೆಳೆಯ ಹಣ ಕೊಟ್ಟು ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

“ರೇಡಿಯೋ ಕೈಕೊಟ್ಟಿತು” ಎಂದು ಗೆಳೆಯರಿಗೆ ಹೇಳಿದೆ. ನಮ್ಮ ಗುಂಪಿನ ಹಿರಿಯರು, ಎಲ್ಲರಿಗೂ ಕಾಕಾ, ಲಾಗ್ ತೆರೆದು ನೋಡಿದರು. ಎರಡೂ ಆಂಟೆನಾಗಳು ಒಂದೇ ಹೊತ್ತಿಗೆ ಕುರುಡಾಗಿದ್ದವು. “ಆಂಟೆನಾ ಇಡುವಾಗ ವಿಮಾನದೊಳಗೆ ಬಗ್ಗಿ ನೋಡಬೇಡ. ನೀನು ಮೈದಾನದಲ್ಲಿ ನಿಲ್ಲುವ ಜಾಗದಿಂದ ನೋಡು” ಎಂದರು.

ಹೊಸ ಜೆಟ್‌ನಲ್ಲಿ ಹಾಗೇ ಮಾಡಿದೆ. ಉದ್ದ ಕೇಬಲ್ಲಿನ ಆಂಟೆನಾಗಳನ್ನೇ ಆರಿಸಿಕೊಂಡೆ, ತುದಿಗಳು ಕಾರ್ಬನ್ ದಾಟಿ ಆಚೆ ಹೋಗಬೇಕಲ್ಲ. ಮುಖ್ಯ ರಿಸೀವರಿನ ಒಂದು ತುದಿ ಗ್ಲಾಸ್ ಫೈಬರಿನ ಮೂತಿಯೊಳಗೆ ನೆಟ್ಟಗೆ, ಇನ್ನೊಂದು ಅಡ್ಡಕ್ಕೆ. ಗ್ಲಾಸ್ ಫೈಬರ್ ಅಲೆಗಳನ್ನು ತಡೆಯುವುದಿಲ್ಲ. ತುದಿ ಬಾಗದಂತೆ ಪ್ಲಾಸ್ಟಿಕ್ ಸ್ಟ್ರಾ ತೊಡಿಸಿದೆ. ಎಂಜಿನ್ನಿನ ಪಂಪು, ಬ್ಯಾಟರಿ ವೈರುಗಳಿಂದ ದೂರವಿಟ್ಟೆ. ಎರಡನೇ ರಿಸೀವರ್ ರೆಕ್ಕೆಯ ಹಿಂದೆ.

ರೇಂಜ್ ಟೆಸ್ಟಿಗೆ ಮಗ ಬಂದಿದ್ದ. ಎಂಜಿನ್ ಆರಿಸಿಯೇ ಇತ್ತು. ಟ್ರಾನ್ಸ್‌ಮಿಟರಿನ ಶಕ್ತಿ ತಗ್ಗಿಸಿ ಮೂವತ್ತು ಹೆಜ್ಜೆ ದೂರ ನಿಂತೆ. ಕಾಕಾ ವಿಮಾನದ ಮೂತಿ, ಪಕ್ಕ, ಹೊಟ್ಟೆ, ಬಾಲ ಒಂದೊಂದಾಗಿ ನನ್ನತ್ತ ತಿರುಗಿಸಿದರು. ಬಾಲದ ರಡ್ಡರ್ ಅಲ್ಲಾಡುತ್ತದೆಯೇ ಎಂದು ನೋಡುವುದು ಮಗನ ಕೆಲಸ.

“ಬಂತೇನೋ?”

“ಬಂತಪ್ಪಾ!”

ಬಾಲ ನನ್ನ ಕಡೆ ತಿರುಗಿದಾಗ ಮಾತ್ರ ಅವನ ಸ್ವರ ಬದಲಾಯಿತು. “ಅಪ್ಪಾ, ನಿಂತ್ ನಿಂತ್ ಬರಾಕತ್ತೈತಿ.”

ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ, ಟ್ಯಾಂಕ್ ತುಂಬಿತ್ತು. ಆದರೂ ಅವತ್ತು ಹಾರಿಸಲಿಲ್ಲ. ಮನೆಗೆ ತಂದು ಎರಡನೇ ರಿಸೀವರನ್ನು ಬಿಸಿ ಕೊಳವೆಗೆ ತಾಗದಂತೆ ಬಾಲದ ನೆಟ್ಟಗಿನ ರೆಕ್ಕೆಯೊಳಗೆ ಏರಿಸಿದೆ. ಮರುವಾರ ಮತ್ತೆ ಮೂವತ್ತು ಹೆಜ್ಜೆ, ಮತ್ತೆ ಎಲ್ಲ ಮಗ್ಗುಲು. ಆಮೇಲೆ ಮಗನನ್ನು ದೂರ ನಿಲ್ಲಿಸಿ, ಎಂಜಿನ್ ಓಡಿಸಿ ಇನ್ನೊಮ್ಮೆ. ಎಲ್ಲ ಸರಿಯಿದೆ ಎಂದು ಕಾಕಾ ಕೈ ಎತ್ತಿದ ಮೇಲೆಯೇ ಹಾರಿಸಿದೆ.

ಈಗ ಆ ವೈರುಗಳು ಓರಣವಾಗಿಲ್ಲ. ಇರಲಿ ಬಿಡಿ.