ಚೆಕ್-ಇನ್ ಫಾಸ್ಟ್ ಆಯ್ತು, ಉಳಿದ ಟೈಮ್ ಯಾರಿಗೆ ಸಿಕ್ತು?

ನಮ್ಮ ಉಜ್ಜಿನಿ ಕಡೆ 'ಹೋಟ್ಲು' ಅಂದ್ರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ ಸಿಗೋ ಜಾಗ. ರಾತ್ರಿ ಉಳಿಯೋದಕ್ಕೆ 'ಲಾಡ್ಜ್'. ಮರುಳಸಿದ್ಧೇಶ್ವರ ಸ್ವಾಮಿ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವ ದಿನ ಸುತ್ತಲಿನ ಊರುಗಳಿಂದ ಜನ ಬರ್ತಾರೆ. ಬಹಳಷ್ಟು ಮಂದಿಗೆ ಎರಡೂ ಬೇಕಿಲ್ಲ, ನೆಂಟರ ಮನೆ ಇರುತ್ತೆ. ಅಲ್ಲಿ ಬುಕಿಂಗ್ ಇಲ್ಲ, ಒಟಿಪಿ ಇಲ್ಲ. ಬಂದವರಿಗೆ ಮೊದಲು ನೀರು, ಆಮೇಲೆ 'ಊಟ ಆತಾ?' ಅನ್ನೋ ಪ್ರಶ್ನೆ.

ಇಂಥ ಊರಲ್ಲಿ ಬೆಳೆದ ನಾನೀಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಬರೀತೀನಿ. ಒಬ್ಬನೇ ಟೂರ್ ಹೋದಾಗ ಮೊಬೈಲ್ ಚೆಕ್-ಇನ್ ನನಗೆ ಬಲು ಇಷ್ಟ. ರಾತ್ರಿ ಹನ್ನೊಂದಕ್ಕೆ ಬಸ್ ಇಳಿದವನಿಗೆ ಫಾರಂ ತುಂಬೋ ತಾಳ್ಮೆ ಎಲ್ಲಿರುತ್ತೆ? ಆದರೆ ಅಪ್ಪ-ಅವ್ವನ್ನ ಕರ್ಕೊಂಡು ಹಂಪಿ ನೋಡೋಕೆ ಹೋಗಿ ಹೊಸಪೇಟೆಯಲ್ಲಿ ಉಳಿದಾಗ ಅದೇ ತಂತ್ರಜ್ಞಾನ ಬೇರೆ ಥರ ಕಾಣಿಸ್ತು. ಟೇಬಲ್ ಮೇಲೆ ಮೆನು ಇರಲಿಲ್ಲ, ಕ್ಯೂಆರ್ ಕೋಡ್ ಅಂಟಿಸಿದ್ರು. ಅಪ್ಪನ ಹತ್ರ ಇರೋದು ಕೀಪ್ಯಾಡ್ ಫೋನು. 'ಇಲ್ಲಿ ನಮ್ಮನ್ನ ಕೇಳೋರೇ ಇಲ್ಲೇನಪ್ಪ?' ಅಂದ್ಲು ಅವ್ವ.

ಕಾರ್ಡ್ ಒಳಗೆ ಏನಿದೆ?

ರೂಮಿನ ಕಾರ್ಡ್ ಕೀ ನೋಡಿದ್ದೀರಲ್ಲ, ಅದರ ಕೆಲಸ ಸರಳ. ಕೌಂಟರ್‌ನ ಯಂತ್ರ ಅದರ ಮೇಲೆ ನಿಮ್ಮ ರೂಮು ಮತ್ತು ಎಷ್ಟು ಗಂಟೆವರೆಗೆ ಅನ್ನೋದನ್ನು ಬರೆಯುತ್ತೆ. ಬ್ಯಾಟರಿಯಿಂದ ನಡೆಯೋ ಬೀಗ ಅದನ್ನು ಓದುತ್ತೆ. ಎಷ್ಟೋ ಕಡೆ ಬೀಗಕ್ಕೆ ನೆಟ್‌ವರ್ಕ್ ಸಂಪರ್ಕವೇ ಇರಲ್ಲ. ಅದಕ್ಕೇ ಇನ್ನೊಂದು ದಿನ ಉಳಿದರೆ ಕಾರ್ಡನ್ನು ಮತ್ತೆ ಕೌಂಟರಿಗೆ ಒಯ್ಯಬೇಕು. ಅದೇ ಕಾರ್ಡ್ ಬಾಗಿಲ ಪಕ್ಕದ ಸ್ವಿಚ್‌ನಲ್ಲಿ ಇಟ್ಟರಷ್ಟೇ ಲೈಟು, ಫ್ಯಾನು. ಒಬ್ಬರು ಕಾರ್ಡ್ ತಗೊಂಡು ಹೊರಗೆ ಹೋದ್ರೆ ಒಳಗಿದ್ದವರು ಕತ್ತಲಲ್ಲಿ! ಹಿರಿಯರು ಜೊತೆಗಿದ್ರೆ ಎರಡನೇ ಕಾರ್ಡ್ ಕೇಳಿ ಪಡೀರಿ.

ಕಾರ್ಡ್ ಬೀಗ ಅಂದ್ರೆ ಪೂರ್ತಿ ಭದ್ರ ಅಂತಲೂ ಅಲ್ಲ. 'ಸಾಫ್ಲಾಕ್' ಬೀಗಗಳನ್ನು ನಕಲಿ ಕಾರ್ಡ್‌ನಿಂದ ತೆರೆಯಬಹುದು ಅಂತ 2024ರ ಮಾರ್ಚ್‌ನಲ್ಲಿ ಸಂಶೋಧಕರು ಬಹಿರಂಗಪಡಿಸಿದ್ರು. ಜಗತ್ತಿನಾದ್ಯಂತ ಅಂಥ ಬೀಗಗಳು 30 ಲಕ್ಷಕ್ಕೂ ಹೆಚ್ಚು. ಒಳಗಿನ ಚಿಲಕ ಹಾಕೋ ಹಳೇ ಅಭ್ಯಾಸ ಬಿಡಬೇಡಿ.

ಗೊರಕೆಗೆ ಉತ್ತರ ಕೊಟ್ಟ ರೋಬೋ

ಜಪಾನಿನ ನಾಗಸಾಕಿಯಲ್ಲಿ 2015ರಲ್ಲಿ 'ಹೆನ್ ನಾ' ಹೋಟೆಲ್ ಶುರುವಾಯ್ತು. ರಿಸೆಪ್ಷನ್‌ನಲ್ಲಿ ಡೈನೋಸಾರ್ ರೋಬೋ, ರೂಮಿನಲ್ಲಿ ಮಾತಾಡೋ ಬೊಂಬೆ. ಅತಿಥಿಯ ಗೊರಕೆಯನ್ನೇ ಪ್ರಶ್ನೆ ಅಂದ್ಕೊಂಡ ಬೊಂಬೆ 'ಏನಂದ್ರಿ?' ಅಂತ ಮಧ್ಯರಾತ್ರಿ ಎಬ್ಬಿಸ್ತಿತ್ತಂತೆ. 2019ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ರೋಬೋಗಳನ್ನು ಕೆಲಸದಿಂದ ತೆಗೆದ್ರು. ಅವು ಸಿಬ್ಬಂದಿಯ ಕೆಲಸ ಕಡಿಮೆ ಮಾಡೋ ಬದಲು ಹೆಚ್ಚಿಸಿದ್ವು.

ಆಧಾರ್ ಫೋಟೋ ಎಲ್ಲಿಗೆ ಹೋಗುತ್ತೆ?

ನನಗೆ ಹೆಚ್ಚು ಚಿಂತೆ ಇರೋದು ಇಲ್ಲಿ. ಒಂದು ಲಾಡ್ಜ್‌ನಲ್ಲಿ ಅಪ್ಪನ ಆಧಾರ್ ಕಾರ್ಡನ್ನು ಕೌಂಟರ್ ಹುಡುಗ ತನ್ನ ಸ್ವಂತ ಫೋನಿನಲ್ಲೇ ಫೋಟೋ ತೆಗೆದ. ಅದು ಯಾವಾಗ ಡಿಲೀಟ್ ಆಗುತ್ತೆ ಅಂತ ಕೇಳಿದೆ, ನಕ್ಕು ಸುಮ್ಮನಾದ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ನಕಲನ್ನು ಎಲ್ಲೆಂದರಲ್ಲಿ ಕೊಡಬೇಡಿ, ಬದಲಿಗೆ ಮಾಸ್ಕ್ಡ್ ಆಧಾರ್ ಕೊಡಿ ಅಂತ ಹೇಳಿತ್ತು. ಜನ ತಪ್ಪಾಗಿ ಅರ್ಥ ಮಾಡ್ಕೋಬಹುದು ಅಂತ ಎರಡೇ ದಿನದಲ್ಲಿ ಆ ಸೂಚನೆ ವಾಪಸ್ ಆಯ್ತು. ಆದರೆ ಮಾಸ್ಕ್ಡ್ ಆಧಾರ್ ಸೌಲಭ್ಯ ಹಾಗೇ ಇದೆ. ಅದರಲ್ಲಿ ಮೊದಲ 8 ಅಂಕಿ ಮುಚ್ಚಿರುತ್ತೆ, ಕೊನೆಯ 4 ಮಾತ್ರ ಕಾಣುತ್ತೆ. ಯುಐಡಿಎಐ ವೆಬ್‌ಸೈಟ್‌ನಿಂದ ನಿಮ್ಮದನ್ನೂ ಅಪ್ಪ-ಅಮ್ಮಂದನ್ನೂ ಇವತ್ತೇ ಇಳಿಸಿಕೊಂಡು ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ನಾನೇ ಇಂಥ ಸಿಸ್ಟಮ್ ಬರೆಯೋ ಜಾತಿಯವನಾದ್ದರಿಂದ ತಂತ್ರಜ್ಞಾನದ ಮೇಲೆ ಸಿಟ್ಟಿಲ್ಲ. ಚೆಕ್-ಇನ್‌ಗೆ ಹತ್ತು ನಿಮಿಷದ ಬದಲು ಒಂದೇ ನಿಮಿಷ ಸಾಕಾದ್ರೆ ಒಳ್ಳೇದೇ. ಉಳಿದ ಒಂಬತ್ತು ನಿಮಿಷ ಯಾರಿಗೆ ಸಿಕ್ತು ಅನ್ನೋದೇ ನನ್ನ ಪ್ರಶ್ನೆ. ಕೌಂಟರ್‌ನಲ್ಲಿ ಇದ್ದವರು ತಲೆ ಎತ್ತಿ, ಅವ್ವನಿಗೆ ಬಿಸಿನೀರಿನ ನಲ್ಲಿ ಯಾವುದು ಅಂತ ತೋರಿಸೋಕೆ ಆ ಸಮಯ ಬಳಸಿದ್ರೆ ಅತಿಥಿಗೆ ಲಾಭ. ಆ ಕೌಂಟರನ್ನೇ ತೆಗೆದುಹಾಕಿದ್ರೆ ಲಾಭ ಮಾಲೀಕರಿಗಷ್ಟೇ, ರಿಸೆಪ್ಷನ್ ಕೆಲಸವನ್ನ ದುಡ್ಡು ಕೊಟ್ಟು ನಾವೇ ಮಾಡ್ದಂಗೆ.

ಮುಂದಿನ ಸಲ ರಿವ್ಯೂ ಬರೆಯುವಾಗ ವೈಫೈ ಸ್ಪೀಡ್ ಜೊತೆಗೆ ಇದನ್ನೂ ಬರೀರಿ: ಫೋನ್ ಇಲ್ಲದವರಿಗೆ ಇಲ್ಲಿ ಒಂದು ಕಪ್ ಚಹಾ ತರಿಸಿಕೊಳ್ಳೋಕೆ ಆಗುತ್ತಾ?