ಮೊಬೈಲ್ ನಮ್ಮ ಸ್ಥಳ ಕೇಳಿದಾಗ: ನಮಾಝ್ ವೇಳೆ ಮತ್ತು ಅನುಮತಿಯ ಅದಬ್

ಇನ್ನೊಬ್ಬರ ಮನೆಯೊಳಗೆ ಹೋಗುವ ಮೊದಲು ಅನುಮತಿ ಕೇಳಬೇಕು, ಸಲಾಮ್ ಹೇಳಬೇಕು, ಹಿಂದಿರುಗಿ ಎಂದರೆ ಬೇಸರಿಸದೆ ಹಿಂದಿರುಗಬೇಕು. ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯದ 27 ಮತ್ತು 28ನೇ ಸೂಕ್ತಗಳು ನಮಗೆ ಕಲಿಸುವ ಶಿಸ್ತು ಇದು. ಮೂರು ಸಲ ಕೇಳಿಯೂ ಅನುಮತಿ ಸಿಗದಿದ್ದರೆ ಮರಳಿ ಹೋಗಬೇಕೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ.

ಇಂದು ಇಂಥದ್ದೇ ಒಂದು ಕೋರಿಕೆ ಮೊಬೈಲಿನ ಪರದೆಯ ಮೇಲೆ ಬರುತ್ತದೆ. ನಮಾಝ್ ವೇಳೆ ಅಥವಾ ಕಿಬ್ಲಾ ತೋರಿಸುವ ವೆಬ್ ಪುಟ ತೆರೆದ ಕೂಡಲೇ, ‘ಈ ಪುಟ ನಿಮ್ಮ ಸ್ಥಳ ತಿಳಿಯಲು ಬಯಸುತ್ತದೆ’ ಎಂಬ ಪ್ರಶ್ನೆ ಮೂಡುತ್ತದೆ. ಓದದೆಯೇ ‘ಅನುಮತಿಸು’ ಒತ್ತುವವರೇ ಹೆಚ್ಚು. ಆ ಗುಂಡಿಯ ಹಿಂದೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳೋಣ.

ಪುಟಕ್ಕೆ ಸ್ಥಳ ಗೊತ್ತಾಗುವುದು ಹೇಗೆ?

ಬ್ರೌಸರಿನಲ್ಲಿ ‘ಜಿಯೋಲೊಕೇಶನ್’ ಎಂಬ ಸೌಲಭ್ಯವಿದೆ. ಪುಟ ತಯಾರಿಸುವವರು ಜಾವಾಸ್ಕ್ರಿಪ್ಟ್‌ನಲ್ಲಿ ‘ಗೆಟ್ ಕರೆಂಟ್ ಪೊಸಿಷನ್’ ಎಂಬ ಆಜ್ಞೆ ಬರೆಯುತ್ತಾರೆ. ಸ್ಥಳ ಸಿಕ್ಕರೆ ಏನು ಮಾಡಬೇಕು, ಸಿಗದಿದ್ದರೆ ಏನು ಮಾಡಬೇಕು ಎಂದು ಎರಡನ್ನೂ ಅದರ ಜೊತೆಗೇ ಬರೆದಿಡಬಹುದು. ಆಜ್ಞೆ ಬಂದ ಮೇಲೆ ಬ್ರೌಸರ್ ಮೊದಲು ನಮ್ಮನ್ನು ಕೇಳುತ್ತದೆ. ನಾವು ಒಪ್ಪಿದರೆ ಮಾತ್ರ ಉಪಗ್ರಹ, ಹತ್ತಿರದ ವೈಫೈ, ಮೊಬೈಲ್ ಟವರ್‌ಗಳ ನೆರವಿನಿಂದ ಅಕ್ಷಾಂಶ, ರೇಖಾಂಶ ಮತ್ತು ಎಷ್ಟು ಮೀಟರ್ ಹೆಚ್ಚುಕಡಿಮೆ ಇರಬಹುದು ಎಂಬ ಅಂದಾಜನ್ನು ಪುಟಕ್ಕೆ ಕೊಡುತ್ತದೆ. ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿಎಸ್’ ಇಲ್ಲದ ಅಸುರಕ್ಷಿತ ಪುಟಗಳಿಗೆ ಕ್ರೋಮ್ ಬ್ರೌಸರ್ 2016ರಿಂದ ಈ ಸೌಲಭ್ಯವನ್ನೇ ನಿಲ್ಲಿಸಿದೆ.

ಕೆಲವು ಪುಟಗಳು ಏನನ್ನೂ ಕೇಳದೆ ಊರ ಹೆಸರು ತೋರಿಸುತ್ತವೆ. ಅವು ನೋಡುವುದು ನಮ್ಮ ಇಂಟರ್ನೆಟ್ ಸಂಪರ್ಕದ ಐಪಿ ಸಂಖ್ಯೆಯನ್ನು. ಅದು ಬರೀ ಊಹೆ. ನಾವು ದೊಡ್ಡಬಳ್ಳಾಪುರದಲ್ಲಿ ಕುಳಿತಿದ್ದರೂ ಅದು ಬೆಂಗಳೂರು ಎನ್ನಬಹುದು, ಕೆಲವೊಮ್ಮೆ ಚೆನ್ನೈ ಅಥವಾ ಮುಂಬೈ ಎಂದೂ ತೋರಿಸಬಹುದು.

ಉಪವಾಸಕ್ಕೂ ಇದಕ್ಕೂ ಸಂಬಂಧವೇನು?

ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ನಮ್ಮ ಜಿಲ್ಲೆಯ ಪಶ್ಚಿಮದಲ್ಲಿರುವ ನೆಲಮಂಗಲಕ್ಕೂ ಪೂರ್ವದ ಹೊಸಕೋಟೆಗೂ ರೇಖಾಂಶದಲ್ಲಿ ಸುಮಾರು 0.4 ಡಿಗ್ರಿ ಅಂತರ. ಆದ್ದರಿಂದ ಹೊಸಕೋಟೆಯಲ್ಲಿ ಸೂರ್ಯ ಸುಮಾರು ಒಂದೂವರೆ ನಿಮಿಷ ಮೊದಲು ಮುಳುಗುತ್ತಾನೆ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ವೇಳೆ ಇವೆರಡರ ನಡುವೆ ಬರುತ್ತದೆ. ಹೀಗಾಗಿ ಜಿಲ್ಲೆಯೊಳಗಿನ ವ್ಯತ್ಯಾಸ ಒಂದೆರಡು ನಿಮಿಷದ್ದು. ಒಂದೆರಡು ನಿಮಿಷ ಎಚ್ಚರಿಕೆಯ ಅಂತರ ಬಿಟ್ಟರೆ ಸಾಕು.

ಆದರೆ ಪುಟ ಚೆನ್ನೈ ಎಂದು ಊಹಿಸಿದ್ದರೆ? ಅಲ್ಲಿ ದೊಡ್ಡಬಳ್ಳಾಪುರಕ್ಕಿಂತ ಸುಮಾರು 11 ನಿಮಿಷ ಮೊದಲೇ ಸೂರ್ಯಾಸ್ತ. ಆ ವೇಳೆ ನೋಡಿ ಇಫ್ತಾರ್ ಮಾಡಿದರೆ ನಮ್ಮ ಊರಿನಲ್ಲಿ ಸೂರ್ಯ ಇನ್ನೂ ಮುಳುಗಿರುವುದಿಲ್ಲ. ದಿನವಿಡೀ ಹಸಿದು ಬಾಯಾರಿದ ಉಪವಾಸ ಕೊನೆಯ ಗಳಿಗೆಯಲ್ಲಿ ಕೆಡುತ್ತದೆ. ಮುಂಬೈ ಎಂದು ಊಹಿಸಿದ್ದರೆ ಅಪಾಯ ಸಹರಿಯ ಹೊತ್ತಿಗೆ. ಅಲ್ಲಿ ಬೆಳಗಾಗುವುದು ನಮಗಿಂತ ತಡ. ಆ ವೇಳೆ ನಂಬಿದವರು ಫಜ್ರ್ ಆರಂಭವಾದ ಮೇಲೂ ಊಟ ಮಾಡುತ್ತಿರುತ್ತಾರೆ. ಆದ್ದರಿಂದ ವೇಳೆ ನೋಡುವ ಮೊದಲು ಪುಟದ ಮೇಲಿರುವ ಊರ ಹೆಸರು ನೋಡಿ. ಮಸೀದಿಯಲ್ಲಿ ಹಾಕಿರುವ ವೇಳಾಪಟ್ಟಿಯೊಂದಿಗೆ ಹೋಲಿಸಿ.

ಕಿಬ್ಲಾದ ವಿಷಯ ಬೇರೆ. ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಅದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ ವಾಲಿದೆ. ಸ್ಥಳ ಕೆಲವು ಕಿಲೋಮೀಟರ್ ತಪ್ಪಿದರೂ ದಿಕ್ಕು ಬದಲಾಗದು. ಅಲ್ಲಿ ಎಡವುವುದು ಮೊಬೈಲಿನ ದಿಕ್ಸೂಚಿ. ಕಬ್ಬಿಣದ ಬೀರು, ಅಯಸ್ಕಾಂತವಿರುವ ಮೊಬೈಲ್ ಕವರ್ ಅದನ್ನು ತಿರುಗಿಸಿಬಿಡುತ್ತವೆ.

ಕೊಡುವುದಾದರೆ ಎಷ್ಟು?

ನಮಾಝ್ ವೇಳೆಗೆ ಬೇಕಾದದ್ದು ನಮ್ಮ ಊರು ಮಾತ್ರ, ನಮ್ಮ ಮನೆಯಲ್ಲ. ಅಕ್ಷಾಂಶ, ರೇಖಾಂಶಗಳಲ್ಲಿ ದಶಮಾಂಶದ ನಂತರ ಎರಡು ಅಂಕಿ ಇದ್ದರೆ ಸಾಕು. ಆಗ ಸ್ಥಳ ಸುಮಾರು ಒಂದು ಕಿಲೋಮೀಟರ್‌ವರೆಗೆ ಅಸ್ಪಷ್ಟವಾಗುತ್ತದೆ, ಆದರೆ ವೇಳೆಯಲ್ಲಿ ಕೆಲವೇ ಸೆಕೆಂಡುಗಳ ವ್ಯತ್ಯಾಸ. ಲೆಕ್ಕವನ್ನೂ ಮೊಬೈಲಿನೊಳಗೇ ಮಾಡಬಹುದು, ಸ್ಥಳವನ್ನು ಹೊರಗೆ ಕಳುಹಿಸಬೇಕಾಗಿಯೇ ಇಲ್ಲ.

ಹೊರಗೆ ಹೋದರೆ ಏನಾಗಬಹುದು ಎಂಬುದಕ್ಕೆ ಉದಾಹರಣೆಯಿದೆ. ‘ಮುಸ್ಲಿಮ್ ಪ್ರೊ’ ಎಂಬ ನಮಾಝ್ ಆ್ಯಪ್‌ನಿಂದ ಬಳಕೆದಾರರ ಸ್ಥಳದ ವಿವರ ಎಕ್ಸ್-ಮೋಡ್ ಎಂಬ ಮಾಹಿತಿ ಮಾರುವ ಕಂಪನಿಗೆ ಹೋಗುತ್ತಿತ್ತು, ಆ ಕಂಪನಿಯ ಗ್ರಾಹಕರಲ್ಲಿ ಅಮೆರಿಕದ ಸೇನಾ ಗುತ್ತಿಗೆದಾರರೂ ಇದ್ದರು ಎಂದು 2020ರ ನವೆಂಬರ್‌ನಲ್ಲಿ ಮದರ್‌ಬೋರ್ಡ್ ಸುದ್ದಿತಾಣ ವರದಿ ಮಾಡಿತು. ಆ ಕಂಪನಿಯೊಂದಿಗಿನ ಸಂಬಂಧ ಕಡಿದುಕೊಳ್ಳುತ್ತಿರುವುದಾಗಿ ಆ್ಯಪ್‌ನವರು ಬಳಿಕ ಪ್ರಕಟಿಸಿದರು.

ಅನ್ಯರ ಗುಟ್ಟು ಹುಡುಕುವುದನ್ನು ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತ ನಿಷೇಧಿಸಿದೆ. ನಮ್ಮ ದೇಶದ ಕಾನೂನೂ ಖಾಸಗಿತನವನ್ನು ಕಾಯುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಸಲ್ಲಿಸಿದ ಅರ್ಜಿಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು.

ನಾವು ಮಾಡಬೇಕಾದದ್ದು

ಸ್ಥಳದ ಅಗತ್ಯವಿಲ್ಲದ ಪುಟ ಕೇಳಿದರೆ ನಿರಾಕರಿಸಿ. ಅಗತ್ಯವಿದ್ದರೆ ಆ ಒಂದು ಸಲಕ್ಕೆ ಮಾತ್ರ ಕೊಡಿ. ಹಿಂದೆ ಕೊಟ್ಟ ಅನುಮತಿಯನ್ನು ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಶನ್’ ತೆರೆದು ಹಿಂಪಡೆಯಬಹುದು. ಮನೆಯ ಹಿರಿಯರಿಗೆ ಇದನ್ನು ಮಕ್ಕಳು ಮಾಡಿಕೊಡಲಿ.

ಕಂಪ್ಯೂಟರ್ ಕಲಿತು ಮಸೀದಿಗೆ ಪುಟ ಮಾಡಿಕೊಡುವ ನಮ್ಮ ಯುವಕ ಯುವತಿಯರಿಗೂ ಒಂದು ಮಾತು. ಪುಟ ತೆರೆದ ಕೂಡಲೇ ಸ್ಥಳ ಕೇಳಬೇಡಿ. ಓದುಗರು ‘ನನ್ನ ಊರಿನ ವೇಳೆ’ ಎಂಬ ಗುಂಡಿ ಒತ್ತಿದಾಗ, ಕಾರಣ ತಿಳಿಸಿ ಕೇಳಿ. ಅವರು ಬೇಡವೆಂದರೆ ಪುಟ ಮುಚ್ಚಿಕೊಳ್ಳಬಾರದು. ಊರುಗಳ ಪಟ್ಟಿ ಕೊಟ್ಟು ಅವರೇ ಆರಿಸಿಕೊಳ್ಳಲು ಬಿಡಿ. ಬಾಗಿಲಿನಿಂದ ಸೌಜನ್ಯದಿಂದ ಹಿಂದಿರುಗುವ ಅದಬ್ ಇಲ್ಲಿಯೂ ಇರಲಿ.

ಇತರರ ಮನೆಯ ಮರ್ಯಾದೆಯನ್ನೂ ನಮ್ಮ ಇಬಾದತ್‌ನ ವೇಳೆಯನ್ನೂ ಕಾಪಾಡಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆ ನೀಡಲಿ. ಆಮೀನ್.